ಹುಣಸೆ ಬೀಜ ಮತ್ತು ಹತ್ತು ಮನೆ: ಋತುಮಾನದ ಮಣೆಯಾಟಗಳ ಮೂಲಕ ಅಂಗನವಾಡಿ ಮಕ್ಕಳಿಗೆ ಅಂಕಿಗಳ ಪರಿಚಯ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿಯ ಸದಸ್ಯರು ಅಂಗನವಾಡಿ ಕೇಂದ್ರಕ್ಕೆ ಭೇಟಿ ನೀಡಿದಾಗ ಸಾಮಾನ್ಯವಾಗಿ ನಡೆಯುವ ಕ್ರಮವೊಂದಿದೆ. ಕಾರ್ಯಕರ್ತೆಯು ಚುರುಕಾದ ಒಂದು ಮಗುವನ್ನು ಮುಂದಕ್ಕೆ ಕರೆಯುತ್ತಾರೆ. ಮಗು ಕೈಕಟ್ಟಿ ನಿಂತು ಒಂದರಿಂದ ಐವತ್ತರವರೆಗೆ ರಾಗವಾಗಿ ಒಪ್ಪಿಸುತ್ತದೆ. ಸದಸ್ಯರು ಚಪ್ಪಾಳೆ ತಟ್ಟಿ, ಆಹಾರದ ದಾಸ್ತಾನು ಮತ್ತು ಹಾಜರಾತಿ ಪುಸ್ತಕಗಳನ್ನು ನೋಡಿ ಹಿಂದಿರುಗುತ್ತಾರೆ. ಅದೇ ಮಗುವಿನ ಮುಂದೆ 7 ಎಂದು ಬರೆದ ಚೀಟಿಯೊಂದನ್ನು ಇಟ್ಟು "ಇದು ಎಷ್ಟು, ಕಂದ?" ಎಂದು ಕೇಳಿದರೆ ಅನೇಕ ಮಕ್ಕಳು ಒಂದರಿಂದ ರಾಗವನ್ನು ಪುನಃ ಆರಂಭಿಸುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಏಳು ಹುಣಸೆ ಬೀಜಗಳನ್ನು ಎಣಿಸಿಕೊಡು ಎಂದರೆ ಮುಷ್ಟಿ ತುಂಬ ಕೊಡುತ್ತಾರೆ.

ಇದು ಮಗುವಿನ ದಡ್ಡತನವೂ ಅಲ್ಲ, ಕಾರ್ಯಕರ್ತೆಯ ಉದಾಸೀನವೂ ಅಲ್ಲ. ಸಂಖ್ಯೆಯನ್ನು ಅರಿಯುವುದೆಂದರೆ ಮೂರು ಬೇರೆ ಬೇರೆ ಸಂಗತಿಗಳನ್ನು ಅರಿತು ಒಂದಕ್ಕೊಂದು ಗಂಟು ಹಾಕುವುದು. ಮೊದಲನೆಯದು ಬಾಯಲ್ಲಿ ಹೇಳುವ ಶಬ್ದ: ಏಳು. ಎರಡನೆಯದು ಕಣ್ಣಿಗೆ ಕಾಣುವ, ಕೈಗೆ ಸಿಗುವ ಪ್ರಮಾಣ: ಏಳು ಬೀಜ, ಏಳು ಮೆಟ್ಟಿಲು. ಮೂರನೆಯದು ಬರೆದ ಗುರುತು: 7. ಬಾಯಿಪಾಠದಿಂದ ಮೊದಲನೆಯದು ಮಾತ್ರ ಬರುತ್ತದೆ. ಗೋಡೆಯ ಮೇಲೆ ಎತ್ತರದಲ್ಲಿ ಬರೆಸಿದ ಅಂಕಿಗಳಿಂದ ಮೂರನೆಯದು ಅಲ್ಪಸ್ವಲ್ಪ ಬರಬಹುದು. ಎರಡನೆಯದು ಬರಬೇಕಾದರೆ ಕೈಗೆ ವಸ್ತು ಸಿಗಬೇಕು. ಮೂರೂ ಒಟ್ಟಿಗೆ ಸೇರಬೇಕಾದರೆ ಶಬ್ದ, ವಸ್ತು ಮತ್ತು ಗುರುತು ಒಂದೇ ಸ್ಥಳದಲ್ಲಿ, ಒಂದೇ ಕ್ಷಣದಲ್ಲಿ ಮಗುವಿನ ಎದುರಿಗೆ ಇರಬೇಕು. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಮಣೆಯಾಟಗಳು ಈ ಕೆಲಸದ ಬಹುಪಾಲನ್ನು ಮಾಡಬಲ್ಲವು. ಆದರೆ ಅವುಗಳಲ್ಲಿ ಒಂದು ಕೊರತೆಯೂ ಇದೆ. ಆ ಕೊರತೆಯನ್ನು ತುಂಬಲು ಬೇಕಾದುದು ಸ್ವಲ್ಪ ಬಣ್ಣ ಮತ್ತು ಒಂದು ಸರಿಯಾದ ಅಭ್ಯಾಸ. ಈ ಲೇಖನದ ವಿಷಯ ಅಷ್ಟೇ.

ಪಂಚಾಯಿತಿಗೆ ಇದರಲ್ಲಿ ಏನು ಕೆಲಸ?

ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಶಿಕ್ಷಣವೂ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಸೇರಿವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದಲೂ ಶಾಲಾಪೂರ್ವ ಶಿಕ್ಷಣವು ಈ ಯೋಜನೆಯ ಸೇವೆಗಳಲ್ಲಿ ಒಂದು. ಆದರೂ ಪಂಚಾಯಿತಿ ಸಭೆಗಳಲ್ಲಿ ಅಂಗನವಾಡಿ ಎಂದೊಡನೆ ಚರ್ಚೆಗೆ ಬರುವುದು ಕಟ್ಟಡ, ನೀರು, ಶೌಚಾಲಯ ಮತ್ತು ಮೊಟ್ಟೆ. ಅವು ಬೇಡವೆಂದಲ್ಲ. ಅವುಗಳ ನಂತರ ಮಗು ಅಲ್ಲಿ ಕುಳಿತು ಏನು ಕಲಿಯಿತು ಎಂಬ ಪ್ರಶ್ನೆಯೂ ಸಭೆಯ ಮುಂದೆ ಬರಬೇಕು. 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಅಭಿಯಾನವು ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಬುನಾದಿ ಅಕ್ಷರಜ್ಞಾನ ಮತ್ತು ಸಂಖ್ಯಾಜ್ಞಾನ ಬರಬೇಕೆಂದು 2026-27ರ ಗಡುವನ್ನು ಇಟ್ಟುಕೊಂಡಿದೆ. ಮೂರನೇ ತರಗತಿಯ ಲೆಕ್ಕಕ್ಕೆ ಬುನಾದಿ ಬೀಳುವುದು ನಾಲ್ಕು ಮತ್ತು ಐದನೇ ವಯಸ್ಸಿನಲ್ಲಿ, ಅಂಗನವಾಡಿಯ ನೆಲದ ಮೇಲೆ.

ಕೋಲಾರ ತಾಲ್ಲೂಕಿನ ವೇಮಗಲ್ ಹೋಬಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವೇಮಗಲ್ ಊರು ಕುರುಗಲ್ಲಿನೊಡನೆ ಸೇರಿ ಪಟ್ಟಣ ಪಂಚಾಯಿತಿಯಾಗಿದೆ. ಸುತ್ತಲಿನ ಹಳ್ಳಿಗಳು ಗ್ರಾಮ ಪಂಚಾಯಿತಿಗಳಲ್ಲಿಯೇ ಇವೆ. ಕೈಗಾರಿಕಾ ಪ್ರದೇಶ ಬಂದ ಮೇಲೆ ತಾಯಂದಿರು ಕಂಪನಿ ಬಸ್ಸು ಹತ್ತುವುದು ಹೆಚ್ಚಿದೆ. ಉಳಿದವರು ಬೆಳಿಗ್ಗೆ ಹಾಲಿನ ಡೇರಿ, ಆಮೇಲೆ ಹಿಪ್ಪುನೇರಳೆ ಸೊಪ್ಪು, ಟೊಮೇಟೊ ತೋಟ ಎಂದು ದುಡಿಯುತ್ತಾರೆ. ಮಗು ಅಜ್ಜಿಯ ಮಡಿಲಲ್ಲಿ ಇಲ್ಲವೇ ಮೊಬೈಲಿನ ಮುಂದೆ ಇರುತ್ತದೆ. ಮನೆಯಲ್ಲಿ ಅಂಕಿಗಳಿಗೇನೂ ಬರವಿಲ್ಲ. ಹಾಲಿನ ಡೇರಿಯ ಪಾಸ್‌ಬುಕ್ಕಿನಲ್ಲಿ ಲೀಟರು ಮತ್ತು ಫ್ಯಾಟು, ರೇಷ್ಮೆ ಮನೆಯಲ್ಲಿ ಎರಡನೇ ಜ್ವರ, ಮೂರನೇ ಜ್ವರ ಎಂಬ ಎಣಿಕೆ, ಟೊಮೇಟೊ ಬಾಕ್ಸಿನ ಲೆಕ್ಕ ಎಲ್ಲವೂ ಮಗುವಿನ ಕಿವಿಯ ಮೇಲೆ ಬೀಳುತ್ತಲೇ ಇರುತ್ತವೆ. ಆದರೆ ಅವು ದೊಡ್ಡವರ ಅವಸರದ ಲೆಕ್ಕಗಳು. ಮಗುವಿಗಾಗಿ ನಿಧಾನಿಸಿ ಎಣಿಸುವವರು ಬೇಕು. ಆ ನಿಧಾನ ಇರುವುದು ಅಜ್ಜಿಯ ಬಳಿ. ಮತ್ತು ಮಣೆಯಾಟ ಗೊತ್ತಿರುವುದೂ ಅಜ್ಜಿಗೇ.

ಕಾಲಕ್ಕೊಂದು ಆಟ

ನಮ್ಮ ಕಡೆಯ ಮಣೆಯಾಟಗಳು ವರ್ಷವಿಡೀ ಒಂದೇ ಸಮನೆ ನಡೆಯುವಂಥವಲ್ಲ. ಕೃಷಿಯ ಬಿಡುವನ್ನೂ, ಹಬ್ಬವನ್ನೂ, ಬೀಜ ದೊರೆಯುವ ಕಾಲವನ್ನೂ ಅನುಸರಿಸಿ ಅವು ಬರುತ್ತವೆ, ಹೋಗುತ್ತವೆ.

ಆಷಾಢದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಾಗ ಅಟ್ಟದಿಂದ ಇಳಿಯುತ್ತಿದ್ದುದು ಅಳಗುಳಿ ಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು ಹದಿನಾಲ್ಕು. ಕರಾವಳಿಯಲ್ಲಿ ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಅಲ್ಲಿಯೂ ಆಟಿ ತಿಂಗಳ ಮಳೆಗೂ ಈ ಆಟಕ್ಕೂ ನಂಟು. ಒಂದು ಗುಳಿಯ ಬೀಜಗಳನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗುವುದು ಇದರ ಮೂಲ ನಡೆ. ಎಣಿಕೆಯನ್ನು ಕಲಿಯುವ ಮಗುವಿಗೆ ಇದಕ್ಕಿಂತ ಉತ್ತಮವಾದ ಪಾಠ ಹುಡುಕಿದರೂ ಸಿಗುವುದು ಕಷ್ಟ. ಒಂದು ಗುಳಿಗೆ ಒಂದೇ ಬೀಜ, ಒಂದು ಬೀಜಕ್ಕೆ ಒಂದೇ ಶಬ್ದ. ಎಣಿಸುವಾಗ ಪುಟ್ಟ ಮಕ್ಕಳು ಮಾಡುವ ದೊಡ್ಡ ತಪ್ಪು ಎಂದರೆ ಬೆರಳಿಗಿಂತ ನಾಲಿಗೆ ಮುಂದೆ ಓಡುವುದು. ಮೂರು ಬೀಜ ಮುಟ್ಟುವಷ್ಟರಲ್ಲಿ ಬಾಯಿ ಐದಕ್ಕೆ ಹೋಗಿರುತ್ತದೆ. ಅಳಗುಳಿ ಮಣೆ ನಾಲಿಗೆಗೆ ಲಗಾಮು ಹಾಕುತ್ತದೆ. ಮಣೆಯೇ ಬೇಕೆಂದಿಲ್ಲ. ಮೊಟ್ಟೆಯ ಟ್ರೇ ಸಾಕು, ಅದು ಅಂಗನವಾಡಿಯಲ್ಲಿ ಹೇಗೂ ಇರುತ್ತದೆ.

ಧನುರ್ಮಾಸದ ವೈಕುಂಠ ಏಕಾದಶಿಯಲ್ಲಿ ಪರಮಪದ ಸೋಪಾನದ ಪಟ ಬಿಡಿಸುವ ರೂಢಿಯುಂಟು. ತೆಲುಗು ಮನೆಮಾತಿನ ಕುಟುಂಬಗಳಲ್ಲಿ ಇದು ವೈಕುಂಠಪಾಳಿ. ಏಣಿ ಹತ್ತಿ, ಹಾವಿನ ಬಾಯಿಗೆ ಬಿದ್ದು ಕೊನೆಗೆ ಪರಮಪದ ಸೇರುವ ಈ ಪಟದಲ್ಲಿ ಮನೆಮನೆಗೂ ಅಂಕಿ ಇರುತ್ತದೆ. ಆದರೆ ಒಂದು ಸಾಲು ಎಡದಿಂದ ಬಲಕ್ಕೆ, ಮೇಲಿನದು ಬಲದಿಂದ ಎಡಕ್ಕೆ ಹೋಗುವುದರಿಂದ ನಾಲ್ಕು ವರ್ಷದ ಮಗು ದಾರಿ ತಪ್ಪುತ್ತದೆ. ಇದನ್ನು ಒಂದು, ಎರಡನೇ ತರಗತಿಗೆ ಕಾಯ್ದಿಡುವುದು ಲೇಸು.

ಶಿವರಾತ್ರಿ ಜಾಗರಣೆಗೆ ಚೌಕಾಬಾರ. ಹುಣಸೆ ಉದುರಿಸಿ, ಕುಟ್ಟಿ, ಬೀಜ ಬಿಡಿಸುವ ಕೆಲಸವೂ ಆಗಲೇ ಮನೆಮನೆಯ ಜಗುಲಿಯಲ್ಲಿ ನಡೆಯುತ್ತಿರುತ್ತದೆ. ಆದ್ದರಿಂದ ಕವಡೆ ಇಲ್ಲದ ಮನೆಯಲ್ಲಿ ಬೀಜವೇ ಕವಡೆ. ನಾಲ್ಕು ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳುಪು ಮಾಡಿದರೆ ಆಯಿತು. ಬಿಳಿ ಎಷ್ಟು ಮೇಲಾಗುತ್ತವೆಯೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ಒಂದೂ ಬಿಳಿಯಾಗದಿದ್ದರೆ ಬಾರ, ಅಂದರೆ ಎಂಟು. ಐದು ಸಾಲು ಐದು ಮನೆಗಳ ಪಟ್ಟಿನಲ್ಲಿ ಕಾಯಿಯು ಹೊರಸುತ್ತಿನ 16 ಮನೆಗಳನ್ನು ದಾಟಿ, ದಿಕ್ಕು ಬದಲಿಸಿ ಒಳಸುತ್ತಿನ 8 ಮನೆಗಳನ್ನು ದಾಟಿ, ನಡುಮನೆಯಲ್ಲಿ ಹಣ್ಣಾಗುತ್ತದೆ. ಬಿದ್ದ ಬೀಜಗಳನ್ನು ಮುಟ್ಟಿ ಎಣಿಸದೆ ಒಂದೇ ನೋಟಕ್ಕೆ "ಮೂರು" ಎನ್ನುವ ಕಣ್ಣಳತೆ ಈ ಆಟದಲ್ಲಿ ಬಹುಬೇಗ ಬರುತ್ತದೆ. ಎದುರಾಳಿಯ ಕಾಯಿಯನ್ನು ಹೊಡೆಯಲು ಇನ್ನೆಷ್ಟು ಬೇಕು ಎಂಬ ಲೆಕ್ಕಾಚಾರವು ಕೂಡುವ, ಕಳೆಯುವ ಪಾಠವೇ ಆಗಿದೆ. ಐದು ವರ್ಷ ತುಂಬಿದ ಮಕ್ಕಳಿಗೆ ಇದು ಹಿಡಿಸುತ್ತದೆ. ಅದಕ್ಕಿಂತ ಚಿಕ್ಕವರಿಗೆ ಎರಡು ಸುತ್ತು, ಎರಡು ದಿಕ್ಕು ಎಂಬುದೇ ದೊಡ್ಡ ಗೊಂದಲ. ಹುಲಿ-ಕುರಿ ಆಟವಂತೂ ತಂತ್ರದ ಆಟ, ದೊಡ್ಡ ಮಕ್ಕಳಿಗಿರಲಿ.

ಕವಡೆ ಎಂದೊಡನೆ "ಜೂಜು ಕಲಿಸುತ್ತೀರಾ?" ಎಂದು ಕೇಳುವ ಹಿರಿಯರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಪಗಡೆಯಿಂದ ಪಾಂಡವರು ಪಟ್ಟ ಪಾಡು ಯಾರಿಗೆ ತಿಳಿಯದು! ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕಬಾರದು. ಇಲ್ಲಿ ಪಣವಿಲ್ಲ, ಸೋತವರಿಗೆ ನಷ್ಟವಿಲ್ಲ ಎಂದು ವಿವರಿಸಿ, ಆಕ್ಷೇಪಿಸಿದವರನ್ನೇ ಒಮ್ಮೆ ಕೇಂದ್ರಕ್ಕೆ ಕರೆದು ಮಕ್ಕಳೊಡನೆ ಕೂರಿಸುವುದು ಒಳ್ಳೆಯ ಉತ್ತರ.

ಕೊರತೆ ಎಲ್ಲಿದೆ?

ಅಳಗುಳಿ ಮಣೆಯ ಮೇಲೆ ಅಂಕಿ ಬರೆದಿರುವುದಿಲ್ಲ. ಚೌಕಾಬಾರದ ಮನೆಗಳೂ ಖಾಲಿ. ಈ ಆಟಗಳು ಶಬ್ದವನ್ನೂ ಪ್ರಮಾಣವನ್ನೂ ಚೆನ್ನಾಗಿ ಬೆಸೆಯುತ್ತವೆ. ಆದರೆ ಬರೆದ ಗುರುತು ಅಲ್ಲಿಲ್ಲ. ಚೌಕಾಬಾರದಲ್ಲಿ ಅಣ್ಣನನ್ನೇ ಸೋಲಿಸುವ ಹುಡುಗಿ ಒಂದನೇ ತರಗತಿಯ ಪುಸ್ತಕದಲ್ಲಿ 5 ಮತ್ತು 8ನ್ನು ಬೇರ್ಪಡಿಸಲಾರದೆ ತಡಕಾಡುವುದಕ್ಕೆ ಕಾರಣ ಇದು.

ಇದು ಊಹೆಯ ಮಾತಲ್ಲ. ದೆಹಲಿಯಲ್ಲಿ ಪ್ರಥಮ್ ಸಂಸ್ಥೆಯ ಶಾಲಾಪೂರ್ವ ಕೇಂದ್ರಗಳಲ್ಲಿ 1,540 ಮಕ್ಕಳೊಡನೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದನ್ನು ನಡೆಸಿದ ತಂಡದಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೋ ಮತ್ತು ಮಕ್ಕಳ ಮನೋವಿಜ್ಞಾನಿ ಎಲಿಜಬೆತ್ ಸ್ಪೆಲ್ಕಿ ಇದ್ದರು. ನಾಲ್ಕು ತಿಂಗಳ ಕಾಲ ಮಕ್ಕಳು ಗುಂಪಿನಲ್ಲಿ ಸಂಖ್ಯೆ ಮತ್ತು ಆಕಾರಗಳ ಆಟಗಳನ್ನು ಆಡಿದರು. ಯಾವ ರಾಶಿ ಹೆಚ್ಚು, ಯಾವುದು ಕಡಿಮೆ ಎಂದು ಅಂದಾಜಿಸುವ ಶಕ್ತಿ ಅವರಲ್ಲಿ ಬೆಳೆಯಿತು, ವರ್ಷ ಕಳೆದರೂ ಉಳಿಯಿತು. ಆದರೆ ಶಾಲೆಗೆ ಸೇರಿದ ಮೇಲೆ ಅಲ್ಲಿಯ ಬರಹದ ಗಣಿತದಲ್ಲಿ ಇವರು ಉಳಿದ ಮಕ್ಕಳಿಗಿಂತ ಮುಂದಿರಲಿಲ್ಲ. ಆಟದ ಅರಿವು ತಾನಾಗಿಯೇ ಅಂಕಿಯ ಅರಿವಾಗಿ ಮಾರ್ಪಡಲಿಲ್ಲ. ಆಟಗಳನ್ನು ಪ್ರೀತಿಸುವವರಿಗೆ ಇದು ಕಹಿ ಸುದ್ದಿ. ಆದರೆ ಅರಿಯಲೇಬೇಕಾದ ಸುದ್ದಿ. "ನಮ್ಮ ಹಿರಿಯರ ಆಟದಲ್ಲೇ ಎಲ್ಲ ಗಣಿತವೂ ಇದೆ" ಎಂದು ವೇದಿಕೆಯ ಮೇಲೆ ಭಾಷಣ ಮಾಡುವುದು ಸುಲಭ. ಅಲ್ಲಿಯೇ ನಿಂತರೆ ಮಗುವಿಗೆ ಪ್ರಯೋಜನವಾಗದು.

ಹಾಗಾದರೆ ಯಾವ ಆಟ ಅಂಕಿಯನ್ನು ಕಲಿಸುತ್ತದೆ? ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ಬಡ ಕುಟುಂಬಗಳ ನಾಲ್ಕೈದು ವರ್ಷದ 124 ಮಕ್ಕಳನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೇರ ಸಾಲಿನಲ್ಲಿ ಹತ್ತು ಮನೆ. ಅವುಗಳ ಮೇಲೆ 1ರಿಂದ 10ರವರೆಗಿನ ಅಂಕಿ. ಇನ್ನೊಂದಕ್ಕೆ ಅದೇ ಹಲಗೆ, ಆದರೆ ಅಂಕಿಯ ಬದಲು ಬಣ್ಣ. ಗರದಲ್ಲಿ ಬೀಳುತ್ತಿದ್ದುದು ಒಂದು ಇಲ್ಲವೇ ಎರಡು ಮಾತ್ರ. ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಸುಮಾರು ಕಾಲು ಗಂಟೆ ಆಡಿಸಿದರು. ಅಂಕಿಯ ಹಲಗೆಯಲ್ಲಿ ಆಡಿದ ಮಕ್ಕಳು ಅಂಕಿ ಗುರುತಿಸುವುದರಲ್ಲಿಯೂ, ಎಣಿಸುವುದರಲ್ಲಿಯೂ, ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೇಳುವುದರಲ್ಲಿಯೂ ಮುನ್ನಡೆದರು. ಒಂಬತ್ತು ವಾರಗಳ ನಂತರ ನೋಡಿದಾಗಲೂ ಆ ಕಲಿಕೆ ಉಳಿದಿತ್ತು. ಬಣ್ಣದ ಹಲಗೆಯಲ್ಲಿ ಆಡಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮರುವರ್ಷ ಇದೇ ಹತ್ತು ಮನೆಗಳನ್ನು ಗಡಿಯಾರದಂತೆ ಸುತ್ತಾಗಿ ಜೋಡಿಸಿ ಆಡಿಸಿದಾಗ ನೇರ ಸಾಲಿನಷ್ಟು ಫಲ ಸಿಗಲಿಲ್ಲವೆಂದೂ ಅವರು ತೋರಿಸಿದರು. ನೇರ ಸಾಲಿನಲ್ಲಿ ಮುಂದೆ ಹೋದಷ್ಟೂ ದೂರ ಹೆಚ್ಚು, ಹೇಳಿದ ಶಬ್ದಗಳು ಹೆಚ್ಚು, ಕಾಯಿ ನಡೆಸಿದ ಸಲ ಹೆಚ್ಚು. ಎಂಟು ಎಂಬುದು ನಾಲ್ಕಕ್ಕಿಂತ ಎಷ್ಟು ದೊಡ್ಡದೆಂಬುದು ಮಗುವಿನ ಕೈಗೂ ಕಣ್ಣಿಗೂ ಒಟ್ಟಿಗೆ ತಿಳಿಯುತ್ತದೆ.

ಅಂದರೆ ಚೌಕಾಬಾರವನ್ನು ಬಿಡಬೇಕಿಲ್ಲ. ಅದಕ್ಕೆ ಮೊದಲ ಮೆಟ್ಟಿಲಾಗಿ ಅಂಕಿ ಬರೆದ ಹತ್ತು ಮನೆಯ ನೇರ ಪಟ್ಟಿಯೊಂದನ್ನು ಇಡಬೇಕು.

ಹತ್ತು ಮನೆಯ ಪಟ್ಟಿ

ಅಂಗನವಾಡಿಯ ನೆಲದ ಮೇಲೆ, ಗೋಡೆಗೆ ಹತ್ತಿರವಾಗಿ, ಒಂದೊಂದು ಅಡಿಯ ಹತ್ತು ಚೌಕಗಳನ್ನು ನೇರ ಸಾಲಿನಲ್ಲಿ ಎಳೆಯುವುದು. ಟೈಲ್ಸ್ ಹಾಸಿದ ಹೊಸ ಕಟ್ಟಡವಾದರೆ ಎಳೆಯುವ ಕೆಲಸವೂ ಇಲ್ಲ, ಟೈಲಿಗೊಂದು ಮನೆ. ಪ್ರತಿ ಮನೆಯಲ್ಲಿ ಅಂಗೈ ಅಗಲದ ಅಂಕಿ, ಅದರ ಕೆಳಗೆ ಅಷ್ಟೇ ಚುಕ್ಕೆ. ಮೊದಲ ಮನೆಯ ಎಡಕ್ಕೆ "ಹೊರಡು" ಎಂಬ ಖಾಲಿ ಜಾಗ. ಮಕ್ಕಳೆಲ್ಲರೂ ಪಟ್ಟಿಯ ಒಂದೇ ಬದಿಯಲ್ಲಿ, ಅಂಕಿಗಳು ನೆಟ್ಟಗೆ ಕಾಣುವ ಕಡೆ ಕೂರಬೇಕು. ಗೋಡೆಗೆ ಹತ್ತಿರ ಎಂದು ಹೇಳಿದ್ದು ಇದಕ್ಕಾಗಿಯೇ. ನೆಲದ ಮೇಲಿನ 6 ಎದುರು ಬದಿಯಲ್ಲಿ ಕುಳಿತ ಮಗುವಿಗೆ 9 ಆಗಿ ಕಾಣುತ್ತದೆ. ಇಷ್ಟು ಸಣ್ಣ ವಿಷಯವನ್ನು ಬಣ್ಣ ಹಚ್ಚುವವರಿಗೆ ಮೊದಲೇ ಹೇಳದಿದ್ದರೆ ಕೋಣೆಯ ನಟ್ಟನಡುವೆ ಅಂದವಾಗಿ ಬರೆದು ಹೋಗುತ್ತಾರೆ. ಅಂದಕ್ಕೇನೂ ಕಡಿಮೆಯಿರುವುದಿಲ್ಲ, ಉಪಯೋಗಕ್ಕೆ ಬಾರದು.

ಗರಕ್ಕೆ ಎರಡೇ ಹುಣಸೆ ಬೀಜ. ಎರಡರ ಒಂದೊಂದು ಮಗ್ಗುಲನ್ನು ಉಜ್ಜಿ ಬಿಳುಪು ಮಾಡಿರಬೇಕು. ಒಂದು ಬಿಳಿಯಾದರೆ ಒಂದು ಮನೆ, ಎರಡು ಬಿಳಿಯಾದರೆ ಎರಡು ಮನೆ, ಒಂದೂ ಬಿಳಿಯಾಗದಿದ್ದರೆ ಸೊನ್ನೆ. ಕಾಯಿ ಇದ್ದಲ್ಲಿಯೇ ಇರುತ್ತದೆ. ಸೊನ್ನೆಯನ್ನು "ಏನೂ ಇಲ್ಲ" ಎಂದು ಮಾತಿನಲ್ಲಿ ವಿವರಿಸಲು ದೊಡ್ಡವರೂ ತಡವರಿಸುತ್ತಾರೆ. ಬೀಜ ಹಾಕಿಯೂ ಕಾಯಿ ಕದಲದೆ ನಿಂತಾಗ ಮಗುವಿಗೆ ಅದು ತಕ್ಷಣ ಅರ್ಥವಾಗುತ್ತದೆ. ಹೀಗಾಗಿ ಸೊನ್ನೆಯನ್ನು ಬೇರೆಯಾಗಿ ಕಲಿಸಬೇಕಿಲ್ಲ.

ಈಗ ಮುಖ್ಯವಾದ ಸಂಗತಿ. ಕಾಯಿಯು 3ರ ಮನೆಯಲ್ಲಿದ್ದು ಎರಡು ಗರ ಬಿತ್ತೆಂದು ಭಾವಿಸೋಣ. ಸಾಮಾನ್ಯವಾಗಿ ನಾವೆಲ್ಲರೂ "ಒಂದು, ಎರಡು" ಎನ್ನುತ್ತ ಕಾಯಿ ನಡೆಸುತ್ತೇವೆ. ಆ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಮಗುವು ಕಾಯಿ ಮುಂದಿಡುತ್ತ, ಮನೆಯ ಮೇಲಿನ ಅಂಕಿಯನ್ನೇ ನೋಡಿ "ನಾಲ್ಕು, ಐದು" ಎನ್ನಬೇಕು. "ಒಂದು, ಎರಡು" ಎಂದಾಗ ಕಣ್ಣಿನ ಮುಂದೆ 4 ಮತ್ತು 5 ಇದ್ದರೂ ಬಾಯಿ ಬೇರೆಯದನ್ನೇ ಹೇಳುತ್ತಿರುತ್ತದೆ. ಶಬ್ದಕ್ಕೂ ಗುರುತಿಗೂ ಗಂಟು ಬೀಳುವುದಿಲ್ಲ. ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ ಅವರು ನೂರು ಮನೆಗಳ ಹಲಗೆಯಲ್ಲಿ ಈ ಎರಡೂ ರೀತಿಗಳನ್ನು ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದ್ದ ಮನೆಯಿಂದ ಎಣಿಕೆಯನ್ನು ಮುಂದುವರಿಸಿದ ಮಕ್ಕಳಿಗೆ ಸಂಖ್ಯಾಜ್ಞಾನದಲ್ಲಿ ಲಾಭವಾಯಿತು. ಪ್ರತಿ ಸಲವೂ ಒಂದರಿಂದ ಎಣಿಸಿದವರಿಗೆ ಅದೇ ಹಲಗೆ, ಅದೇ ಆಟದಿಂದ ಅಂಥ ಲಾಭವಾಗಲಿಲ್ಲ. ಬಣ್ಣ, ಹಲಗೆ, ಬೀಜ ಎಲ್ಲವೂ ಇದ್ದು ಈ ಒಂದು ಅಭ್ಯಾಸ ಇಲ್ಲದಿದ್ದರೆ ಖರ್ಚು ವ್ಯರ್ಥ. ಸದಸ್ಯರು ಈ ಲೇಖನದಿಂದ ಒಂದೇ ವಾಕ್ಯವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಬೇಕು: ಮಗು ಹೇಳಬೇಕಾದುದು ಗರವನ್ನಲ್ಲ, ಮನೆಯ ಅಂಕಿಯನ್ನು.

ಮೊದಮೊದಲು ಮಗು ತಪ್ಪುತ್ತದೆ. ಆಗ "ತಪ್ಪು" ಎನ್ನದೆ ಕಾರ್ಯಕರ್ತೆಯೋ ಅಜ್ಜಿಯೋ ತಾವೇ ಆ ಮನೆಯನ್ನು ಬೆರಳಿನಿಂದ ಮುಟ್ಟಿ "ನಾಲ್ಕು... ಐದು" ಎಂದು ಹೇಳಿ, ಮಗುವಿನ ಕೈಯಲ್ಲಿ ಇನ್ನೊಮ್ಮೆ ನಡೆಸಿದರೆ ಸಾಕು. ಒಂದು ಸಲಕ್ಕೆ ಮೂರು ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ. ಸರದಿ ಬರುವಷ್ಟರಲ್ಲಿ ಬೇಸರವಾಗುತ್ತದೆ.

ಮಾತು ಯಾವುದು, ಅಂಕಿ ಯಾವುದು?

ನಮ್ಮ ಜಿಲ್ಲೆಯ ಅಂಗನವಾಡಿಗಳಲ್ಲಿ ಕನ್ನಡ ಮನೆಮಾತಿನ ಮಗುವಿನ ಪಕ್ಕದಲ್ಲಿ ತೆಲುಗು, ಉರ್ದು, ತಮಿಳು ಮನೆಮಾತಿನ ಮಕ್ಕಳು ಕೂರುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ತೆಲುಗು ಹೆಚ್ಚು. ಮಾಲೂರಿನ ಗಡಿಯಲ್ಲಿ ತಮಿಳೂ ಕೇಳುತ್ತದೆ. ತೆಲುಗಿನ ಮಗುವಿಗೆ ಐದು, ಆರು ಎಂಬ ಶಬ್ದಗಳು ಮನೆಯಲ್ಲಿಯೂ ಅವೇ. ಎರಡು ರೆಂಡು, ಮೂರು ಮೂಡು, ನಾಲ್ಕು ನಾಲುಗು, ಏಳು ಏಡು, ಹತ್ತಿರದ ನೆಂಟರು. ಎಡವುವುದು ಎಂಟು, ಒಂಬತ್ತು, ಹತ್ತರ ಬಳಿ. ಅಲ್ಲಿ ಎನಿಮಿದಿ, ತೊಮ್ಮಿದಿ, ಪದಿ ಬಾಯಿಗೆ ಬರುತ್ತವೆ. ಉರ್ದು ಮನೆಮಾತಿನ ಮಗುವಿಗೆ ಒಂದರಿಂದ ಹತ್ತೂ ಹೊಸ ಶಬ್ದಗಳು. ಆದ್ದರಿಂದ ಈ ಮಗುವಿಗೆ ಇನ್ನಷ್ಟು ಸಮಯ ಕೊಡಬೇಕು. ಮೊದಲ ಕೆಲವು ದಿನ ಅದು 3ರ ಮನೆಗೆ ಬಂದು "ತೀನ್" ಎಂದರೂ ಒಪ್ಪಿಕೊಳ್ಳಬೇಕು. ಅಂಕಿಯನ್ನು ಗುರುತಿಸಿದ್ದಂತೂ ಆಯಿತಲ್ಲ; ಕನ್ನಡದ ಶಬ್ದವನ್ನು ಪಕ್ಕದ ಮಗುವಿನ ಬಾಯಿಂದ ಕೇಳಿ ತಾನೇ ಕಲಿಯುತ್ತದೆ.

ಅಂಕಿಗಳ ಬಗ್ಗೆ ಇನ್ನೊಂದು ಪ್ರಶ್ನೆ ಸಭೆಗಳಲ್ಲಿ ಬರುವುದುಂಟು: 1, 2, 3 ಬರೆಸಬೇಕೋ, ೧, ೨, ೩ ಬರೆಸಬೇಕೋ? ಗಣಿತದ ಪಠ್ಯಪುಸ್ತಕದಲ್ಲಿ ಮಗು ಮುಂದೆ ನೋಡುವುದು 1, 2, 3. ಕನ್ನಡದ ಅಂಕಿಗಳು ನಮ್ಮವು, ಬಸ್ಸಿನ ಫಲಕದಲ್ಲಿಯೂ ಕಾಣುತ್ತವೆ, ಅವನ್ನು ಬಿಡತಕ್ಕದ್ದಲ್ಲ. ಆದರೆ ಒಂದೇ ಮನೆಯಲ್ಲಿ ಎರಡನ್ನೂ ಬರೆದರೆ ಹೊಸದಾಗಿ ಕಲಿಯುವ ಮಗುವಿಗೆ ಒಂದು ಸಂಖ್ಯೆಗೆ ಎರಡು ಮುಖವಾಗುತ್ತದೆ. ಮೊದಲ ಪಟ್ಟಿಯಲ್ಲಿ 1ರಿಂದ 10 ಬರೆಸಿ, ಅದು ಬಂದ ಮೇಲೆ ಎರಡನೇ ಪಟ್ಟಿಯಲ್ಲಿ ೧ರಿಂದ ೧೦ ಬರೆಸುವುದು ಸೂಕ್ತವೆಂದು ಈ ಲೇಖಕರ ಅಭಿಪ್ರಾಯ. 6 ಮತ್ತು 9ರಂತೆ ೬ ಮತ್ತು ೯ ಕೂಡ ಮಕ್ಕಳಿಗೆ ಅವಳಿಗಳಂತೆ ಕಾಣುತ್ತವೆ. ಈ ಅಂಕಿಗಳ ಬುಡದಲ್ಲಿ ಗೆರೆಯೊಂದನ್ನು ಎಳೆಸಿದರೆ ಯಾವುದು ಕೆಳಗೆಂದು ಗೊತ್ತಾಗುತ್ತದೆ.

ಎಚ್ಚರಿಕೆ

ಹಳೆಯ ಅಳಗುಳಿ ಮಣೆಗಳೊಡನೆ ಗುಲಗಂಜಿಯನ್ನು ಬಳಸುವ ಪದ್ಧತಿ ಇತ್ತು. ಕೆಂಪು-ಕಪ್ಪಿನ ಆ ಬೀಜ ನೋಡಲು ಚೆಂದ, ಆದರೆ ಅದರೊಳಗೆ ಪ್ರಾಣಾಂತಿಕ ವಿಷವಿದೆ. ಮಗು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಹರಳು ಬೀಜವೂ ಅಂಥದೇ. ಇವೆರಡೂ ಅಂಗನವಾಡಿಯ ಹೊಸ್ತಿಲು ದಾಟಿ ಒಳಗೆ ಬರಕೂಡದು. ಯಾರಾದರೂ ಪ್ರೀತಿಯಿಂದ ಹಳೆಯ ಮಣೆಯನ್ನು ಬೀಜಸಮೇತ ದಾನ ಕೊಟ್ಟರೆ ಮಣೆಯನ್ನು ಇಟ್ಟುಕೊಂಡು ಬೀಜಗಳನ್ನು ನೋಡಿ ಬದಲಿಸಬೇಕು. ಹುಣಸೆ ಬೀಜ ವಿಷವಲ್ಲದಿದ್ದರೂ ಮೂಗು, ಕಿವಿ, ಗಂಟಲಿಗೆ ಹೋಗಬಹುದು. ಆದ್ದರಿಂದ ಬೀಜಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ಹಿಂದಕ್ಕೆ ಪಡೆಯಬೇಕು. ಅದೂ ಎಣಿಕೆಯ ಪಾಠವೇ ಆಗುತ್ತದೆ. ಮೂರು ವರ್ಷದೊಳಗಿನ ಮಕ್ಕಳಿರುವ ಕೂಸಿನ ಮನೆಗಳಲ್ಲಿ ಬೀಜ, ಕವಡೆ, ಗೋಲಿಗಳನ್ನು ಬಳಸಲೇಬಾರದು. ಅಲ್ಲಿ ಮುಷ್ಟಿಗಿಂತ ದೊಡ್ಡದಾದ ಚೆಂಡು, ಲೋಟ, ತೆಂಗಿನ ಚಿಪ್ಪುಗಳೇ ಸರಿ. ನಡೆಸುವ ಕಾಯಿಗೆ ದೊಡ್ಡ ಡಬ್ಬಿಯ ಮುಚ್ಚಳವನ್ನು ಬಳಸಬಹುದು.

ಪಂಚಾಯಿತಿಯಿಂದ ಆಗಬಹುದಾದುದು

ಈ ಕೆಲಸಕ್ಕಾಗಿ ಸಾವಿರಾರು ರೂಪಾಯಿಯ ಆಟಿಕೆಗಳ ಪೆಟ್ಟಿಗೆಯನ್ನು ಕೊಳ್ಳುವ ನಿರ್ಣಯ ಬೇಡ. ಪೆಟ್ಟಿಗೆ ಬಂದರೆ ಕಳೆದುಹೋಗಬಹುದೆಂಬ ಭಯದಿಂದ ಅದು ಬೀರುವಿನಲ್ಲಿಯೇ ಉಳಿಯುವುದನ್ನು ಎಲ್ಲರೂ ಬಲ್ಲರು. ಅಂಗನವಾಡಿ ಕಟ್ಟಡಗಳ ಸುಣ್ಣಬಣ್ಣದ ಕೆಲಸ ಹೇಗೂ ಕ್ರಿಯಾಯೋಜನೆಯಲ್ಲಿ ಬರುತ್ತದೆ. ಆ ಅಂದಾಜು ಪಟ್ಟಿಯಲ್ಲಿಯೇ ನೆಲದ ಹತ್ತು ಮನೆಯ ಪಟ್ಟಿಯನ್ನೂ, ಹೊರಗಿನ ಜಗುಲಿಯ ಮೇಲೆ ಒಂದು ಚೌಕಾಬಾರದ ಪಟ್ಟನ್ನೂ ಸೇರಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಸೂಚಿಸಬಹುದು. ಗೋಡೆಯ ಮೇಲೆ ಆನೆ, ಒಂಟೆ ಬರೆಸುವ ಕಲಾವಿದರೇ ಇದನ್ನೂ ಬರೆಯುತ್ತಾರೆ. ಎನಾಮೆಲ್ ಬಣ್ಣ ಮಕ್ಕಳ ಓಡಾಟಕ್ಕೆ ಒಂದೆರಡು ವರ್ಷಗಳಲ್ಲಿ ಸವೆಯುತ್ತದೆ. ಸವೆದಿದೆಯೆಂದರೆ ಆಟ ನಡೆಯುತ್ತಿದೆ ಎಂದರ್ಥ, ಮತ್ತೊಮ್ಮೆ ಬರೆಸುವುದಕ್ಕೆ ಹಿಂದೆಮುಂದೆ ನೋಡಬಾರದು. ಬಾಡಿಗೆ ಕಟ್ಟಡದಲ್ಲಿ ನೆಲಕ್ಕೆ ಬಣ್ಣ ಹಚ್ಚಲು ಮನೆಯವರು ಒಪ್ಪದಿದ್ದರೆ ಹಳೆಯ ಫ್ಲೆಕ್ಸಿನ ಬಿಳಿ ಬೆನ್ನಿನ ಮೇಲೆ ಬರೆಸಿ ಹಾಸಬಹುದು. ಊರಿನಲ್ಲಿ ಫ್ಲೆಕ್ಸಿಗೇನು ಕೊರತೆ?

ಎರಡನೆಯದು ಅಜ್ಜಿಯರ ವಿಷಯ. ಬಾಲವಿಕಾಸ ಸಮಿತಿಯ ಸಭೆಗೆ, ಸ್ತ್ರೀಶಕ್ತಿ ಗುಂಪಿನ ಸಭೆಗೆ ಬರುವ ಹಿರಿಯ ಹೆಣ್ಣುಮಕ್ಕಳಲ್ಲಿ ಅಳಗುಳಿ ಮಣೆ, ಚೌಕಾಬಾರ ಬಲ್ಲವರು ಯಾರೆಂದು ವಿಚಾರಿಸಿ, ವಾರಕ್ಕೊಮ್ಮೆ ಒಂದು ಗಂಟೆ ಕೇಂದ್ರಕ್ಕೆ ಬಂದು ಕೂರುವಂತೆ ಸದಸ್ಯರೇ ಮನೆಗೆ ಹೋಗಿ ಕರೆಯಬೇಕು. ನೋಟೀಸು ಅಂಟಿಸಿದರೆ ಯಾರೂ ಬರುವುದಿಲ್ಲ. "ಅಜ್ಜಿ, ಮಕ್ಕಳಿಗೆ ನಿಮ್ಮ ಆಟ ಹೇಳಿಕೊಡಿ" ಎಂದು ಕರೆದರೆ ಬರುತ್ತಾರೆ. ಕಾರ್ಯಕರ್ತೆಗೆ ದಾಖಲೆ, ತೂಕ, ಅಡುಗೆಯ ಮೇಲ್ವಿಚಾರಣೆ ಎಂದು ಹತ್ತಾರು ಕೆಲಸಗಳಿವೆ. ಈ ಆಟವು ಅವರ ಹೆಗಲಿಗೆ ಇನ್ನೊಂದು ಹೊರೆಯಾಗಬಾರದು. ಬಂದ ಅಜ್ಜಿಗೆ ಮನೆಯ ಅಂಕಿಯನ್ನೇ ಹೇಳಿಸಬೇಕೆಂಬುದನ್ನು ಮೊದಲ ದಿನವೇ ತೋರಿಸಿಕೊಡಬೇಕು. ಅಜ್ಜಿಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ, ಅಂಕಿಯ ಕೆಳಗೆ ಚುಕ್ಕೆಗಳಿವೆ.

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಬಟ್ಟೆಯ ಮೇಲೆ ಬರೆದ ಎರಡು ಮೂರು ಪಟ್ಟಿಗಳನ್ನೂ ಒಂದು ಅಳಗುಳಿ ಮಣೆಯನ್ನೂ ಇಟ್ಟು, ಪುಸ್ತಕದಂತೆಯೇ ಮನೆಗೆ ಎರವಲು ಕೊಡುವ ವ್ಯವಸ್ಥೆ ಮಾಡಬಹುದು. ರಾತ್ರಿ ಪಾಳಿ ಮುಗಿಸಿ ಬಂದ ತಂದೆಯೋ ತಾಯಿಯೋ ಭಾನುವಾರ ಕಾಲು ಗಂಟೆ ಮಗುವಿನೊಡನೆ ಕುಳಿತರೂ ಪ್ರಯೋಜನವುಂಟು.

ಕಾಲದ ಲೆಕ್ಕದಲ್ಲಿ ಹೇಳುವುದಾದರೆ, ಜೂನ್‌ನಲ್ಲಿ ಮಕ್ಕಳು ಸೇರಿ ಅಳು ನಿಂತ ಮೇಲೆ ಆಷಾಢದಲ್ಲಿ ಮೊಟ್ಟೆಯ ಟ್ರೇಯಲ್ಲಿ ಬೀಜ ಬಿಡುವ ಆಟ, ಮೂರರವರೆಗೆ, ಆಮೇಲೆ ಐದರವರೆಗೆ. ಗೌರಿ-ಗಣೇಶ ಮುಗಿದ ಮೇಲೆ ಹತ್ತು ಮನೆಯ ಪಟ್ಟಿ. ಮೊದಲು ಐದು ಮನೆ ಮಾತ್ರ, ಉಳಿದವನ್ನು ಗೋಣಿಚೀಲದಿಂದ ಮುಚ್ಚಿಟ್ಟು. ಅವರೆಕಾಯಿಯ ಕಾಲಕ್ಕೆ, ಅಂದರೆ ಸಂಕ್ರಾಂತಿಯ ಹೊತ್ತಿಗೆ, ಹತ್ತೂ ಮನೆ ತೆರೆದಿರಬೇಕು. ಅವರೆ ಸುಲಿಯುತ್ತ ಒಂದು ಕಾಯಿಯಲ್ಲಿ ಎಷ್ಟು ಕಾಳೆಂದು ಎಣಿಸಿ, ಅದೇ ಅಂಕಿಯ ಮನೆಯಲ್ಲಿ ಇಡುವ ಆಟವನ್ನು ಮಕ್ಕಳು ತಾವೇ ಹುಡುಕಿಕೊಳ್ಳುತ್ತಾರೆ. ಶಿವರಾತ್ರಿಗೆ ಐದು ದಾಟಿದವರನ್ನು ಚೌಕಾಬಾರಕ್ಕೆ ಕೂರಿಸಬಹುದು. ಈ ಗಡುವುಗಳು ಕಾರ್ಯಕರ್ತೆಗೆ ನೋಟೀಸು ಕೊಡುವುದಕ್ಕಲ್ಲ. ನಾಲ್ಕು ವರ್ಷದ ಮಗುವೊಂದು ಸಂಕ್ರಾಂತಿಗೂ ಐದರಲ್ಲಿಯೇ ಇದ್ದರೆ ಅದು ಸಹಜ. ಇದನ್ನು ಸ್ಪರ್ಧೆಯಾಗಿಸಿ ಬಹುಮಾನ ಹಂಚುವುದೂ ಈ ವಯಸ್ಸಿಗೆ ಹೊಂದದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಕ್ಷರ ಫೌಂಡೇಶನ್ ನಡೆಸಿಕೊಂಡು ಬಂದ ಗಣಿತ ಸ್ಪರ್ಧೆಗಳು ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳಿಗೆ. ಅಲ್ಲಿ ಅವು ಒಪ್ಪುತ್ತವೆ.

ಮುಂದಿನ ಭೇಟಿಯಲ್ಲಿ ಐವತ್ತರವರೆಗೆ ಒಪ್ಪಿಸುವ ಮಗುವಿನ ಪಕ್ಕದಲ್ಲಿ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವನ್ನು ಸದಸ್ಯರು ಕರೆಯಲಿ. ತಾವೂ ನೆಲದ ಮೇಲೆ, ಅಂಕಿಗಳು ನೆಟ್ಟಗೆ ಕಾಣುವ ಬದಿಯಲ್ಲಿ ಕುಳಿತು ಅದರೊಡನೆ ಒಂದು ಆಟ ಆಡಲಿ. ಹತ್ತು ನಿಮಿಷವೂ ಬೇಕಾಗುವುದಿಲ್ಲ. ಕಾಯಿ ನಡೆಸುವಾಗ ಅದು ಗರವನ್ನು ಹೇಳುತ್ತಿದೆಯೋ, ಮನೆಯ ಅಂಕಿಯನ್ನು ಹೇಳುತ್ತಿದೆಯೋ ಗಮನಿಸಲಿ. ಆಟ ಮುಗಿದ ಮೇಲೆ 4 ಮತ್ತು 8ರ ಚೀಟಿಗಳನ್ನು ಮುಂದಿಟ್ಟು, ಯಾವುದರಷ್ಟು ಕಡಲೆಮಿಠಾಯಿ ಬೇಕು ಎಂದು ಕೇಳಲಿ. ಮಗು 8ನ್ನು ಮುಟ್ಟಿದರೆ ಎಂಟನ್ನೂ ಕೊಡಬೇಕಾಗುತ್ತದೆ. ಆದ್ದರಿಂದ ಜೇಬಿನಲ್ಲಿ ಅಷ್ಟು ಇಟ್ಟುಕೊಂಡೇ ಹೋಗುವುದು ಒಳಿತು.